ಕಾರ್ಕ್‌ನ ಬ್ರಿಜೆಟ್ ಯಾವ ಊರಿನವಳು?

ಪ್ರಶ್ನೆ: ನಾನು ಧಾರವಾಡದ ಕಡೆಯವಳು. ಮದುವೆಯಾಗಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ನೆಲೆಸಿದ್ದೇನೆ. ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆಯಲು ಹೇಳಿದ್ದಾರೆ. ನನ್ನ ತವರಿನ ಕಡೆ ತೊಂದರೆಯಿಲ್ಲ. ಹೆಳವರು ಬಂದು ಹೇಳಿದ ಏಳು ತಲೆಮಾರನ್ನು ಅಪ್ಪ ಬರೆದಿಟ್ಟುಕೊಂಡಿದ್ದಾರೆ. ಗಂಡನ ಕಡೆ ಮಾತ್ರ ಮುತ್ತಜ್ಜಿ ಬ್ರಿಜೆಟ್ ಹತ್ತಿರ ದಾರಿ ನಿಂತುಹೋಗಿದೆ. 1885ರ ಸುಮಾರಿಗೆ, ಇಪ್ಪತ್ತರ ಹರೆಯದಲ್ಲಿ, ಐರ್ಲೆಂಡಿನ ‘ಕಾರ್ಕ್‌ನಿಂದ’ ಬಾಸ್ಟನ್‌ಗೆ ಬಂದು ಮನೆಗೆಲಸಕ್ಕೆ ಸೇರಿದಳು ಎಂಬುದಷ್ಟೇ ಗೊತ್ತು. ಬಹಳ ವರ್ಷಗಳ ಮೇಲೆ ಅವಳ ತಮ್ಮನೂ ಬಂದನಂತೆ. ಅಂತರ್ಜಾಲದಲ್ಲಿ ಹುಡುಕಿದರೆ ಅದೇ ಹೆಸರಿನವರ ಹತ್ತಾರು ವಂಶವೃಕ್ಷಗಳು ಸಿಗುತ್ತವೆ, ಒಂದಂತೂ ಐರಿಶ್ ರಾಜನವರೆಗೆ ಹೋಗಿದೆ. ಐರ್ಲೆಂಡಿನ ದಾಖಲೆಗಳೆಲ್ಲ 1922ರಲ್ಲಿ ಸುಟ್ಟುಹೋದವು ಎಂದು ಗಂಡನ ಮನೆಯವರು ಹೇಳುತ್ತಾರೆ. ಹಾಗಾದರೆ ಇಲ್ಲಿಗೇ ಮುಗಿಯಿತೇ?

ಉತ್ತರ: ಮುಗಿದಿಲ್ಲ. ಸುಟ್ಟುಹೋದ ಕಥೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಆ ಒಂದು ಮಾತು ಕೇಳಿ ಕೈಚೆಲ್ಲಿದವರು ಬಹಳ ಮಂದಿ.

1922ರ ಜೂನ್ 30ರಂದು, ಐರಿಶ್ ಅಂತರ್ಯುದ್ಧ ಶುರುವಾದ ಮೂರನೆಯ ದಿನ, ಡಬ್ಲಿನ್‌ನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆ ಕಚೇರಿ ಸ್ಫೋಟಗೊಂಡು ಉರಿದುಹೋಯಿತು. ಅರೆಬೆಂದ ಹಾಳೆಗಳು ಗಾಳಿಯಲ್ಲಿ ತೇಲಿ ಊರ ಮೇಲೆಲ್ಲ ಬಿದ್ದವು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಬಹುಪಾಲು, ಶತಮಾನಗಳ ಉಯಿಲುಗಳು, ಪ್ರೊಟೆಸ್ಟೆಂಟರ ಚರ್ಚ್ ಆಫ್ ಐರ್ಲೆಂಡಿನ ಅರ್ಧಕ್ಕಿಂತ ಹೆಚ್ಚು ನೋಂದಣಿ ಪುಸ್ತಕಗಳು ಅಂದು ಹೋದವು. ಆದರೆ ಆ ಪುಸ್ತಕಗಳು ಅಲ್ಲಿದ್ದದ್ದು ಯಾಕೆ? ಅದು ಒಂದು ಕಾಲಕ್ಕೆ ಸರ್ಕಾರಿ ಚರ್ಚು. ಅದರ ದಾಖಲೆಗಳೂ ಸರ್ಕಾರಿ ದಾಖಲೆಗಳೆಂದೇ ಲೆಕ್ಕ. ಕ್ಯಾಥೊಲಿಕ್ ಪಾದ್ರಿಯ ಪುಸ್ತಕಕ್ಕೆ ಅಂಥ ಮರ್ಯಾದೆ ಇರಲಿಲ್ಲ. ಅದು ಹಳ್ಳಿಯ ಪಾದ್ರಿಯ ಮನೆಯ ಬೀರುವಿನಲ್ಲೇ ಇತ್ತು, ಹಾಗಾಗಿ ಉಳಿಯಿತು. ಜನನ ಮರಣ ನೋಂದಣಿಯ ಕಚೇರಿಯೂ ಬೇರೆಡೆ ಇತ್ತು, ಅದೂ ಉಳಿಯಿತು. 1861 ಮತ್ತು 1871ರ ಜನಗಣತಿಗಳನ್ನು ಸುಟ್ಟದ್ದು ಯುದ್ಧವಲ್ಲ, ಲೆಕ್ಕ ಮುಗಿದ ಮೇಲೆ ಸರ್ಕಾರವೇ ನಾಶ ಮಾಡಿಸಿತು. 1881 ಮತ್ತು 1891ರವು ಮೊದಲ ಮಹಾಯುದ್ಧದ ಹೊತ್ತಿಗೆ ರದ್ದಿಯಾಗಿ ಕಾಗದದ ಗಿರಣಿಗೆ ಹೋದವು. ಬೆಂಕಿಗಿಂತ ಇದೇ ಹೆಚ್ಚು ಹೊಟ್ಟೆ ಉರಿಸುವ ಸಂಗತಿ.

ನಿಮ್ಮ ಬ್ರಿಜೆಟ್ ಒಂದು ವಿಷಯದಲ್ಲಿ ಪುಣ್ಯವಂತೆ. 1885ಕ್ಕೆ ಇಪ್ಪತ್ತು ಎಂದರೆ ಹುಟ್ಟಿದ್ದು 1865ರ ಆಸುಪಾಸು. ಐರ್ಲೆಂಡಿನಲ್ಲಿ ಪ್ರೊಟೆಸ್ಟೆಂಟರ ಮದುವೆಗಳನ್ನು 1845ರಿಂದಲೇ ಸರ್ಕಾರ ಬರೆದಿಟ್ಟುಕೊಳ್ಳುತ್ತಿತ್ತು, ಆದರೆ ಎಲ್ಲ ಧರ್ಮದವರ ಜನನ, ಮರಣ, ಮದುವೆಗಳ ನೋಂದಣಿ ಶುರುವಾದದ್ದು 1864ರ ಜನವರಿ 1ರಂದು. ಅವಳು ಅದರ ಅಂಚಿನಲ್ಲಿ ಹುಟ್ಟಿದ್ದಾಳೆ. ಅಂದರೆ ಅವಳ ಬಗ್ಗೆ ಎರಡು ಕಡೆ ಬರವಣಿಗೆ ಇರಬಹುದು: ಸರ್ಕಾರದ ಪುಸ್ತಕದಲ್ಲೊಂದು, ಚರ್ಚಿನ ಪುಸ್ತಕದಲ್ಲೊಂದು.

ಹಾಗೆಂದು ಈಗಲೇ ಐರ್ಲೆಂಡಿನ ಜಾಲತಾಣ ತೆರೆಯಬೇಡಿ. ಎಲ್ಲರೂ ಎಡವುವುದು ಇಲ್ಲೇ. ನೀವು ಬರೆದ ಕುಲನಾಮವನ್ನು ಇಲ್ಲಿ ಹೇಳುತ್ತಿಲ್ಲ. ಮರ್ಫಿ, ಸಲಿವನ್, ಮೆಕಾರ್ಥಿಗಳಷ್ಟೇ ಸಾಮಾನ್ಯ ಎಂದರೆ ಸಾಕು. ಅದರ ಹಿಂದೆ ಬ್ರಿಜೆಟ್ ಎಂದು ಸೇರಿಸಿ ಕಾರ್ಕ್ ಕೌಂಟಿಯಲ್ಲಿ ಹುಡುಕುವುದೆಂದರೆ ಹಳೆ ಮೈಸೂರಿನಲ್ಲಿ ‘ನಂಜೇಗೌಡರ ಮಗಳು ಲಕ್ಷ್ಮಮ್ಮ’ ಯಾರೆಂದು ಕೇಳಿದಂತೆ. ಅಮೆರಿಕದ ಮನೆಯೊಡತಿಯರು ಕೆಲಸದ ಐರಿಶ್ ಹುಡುಗಿಯರನ್ನೆಲ್ಲ ಸಾರಾಸಗಟಾಗಿ ‘ಬ್ರಿಜೆಟ್’, ‘ಬಿಡ್ಡಿ’ ಎಂದೇ ಕರೆಯುತ್ತಿದ್ದರು, ಅಷ್ಟು ಜನ ಬ್ರಿಜೆಟ್‌ಗಳು.

ಐರ್ಲೆಂಡಿನಲ್ಲಿ ವಂಶ ಹಿಡಿಯುವುದು ಹೆಸರಿನಿಂದಲ್ಲ, ನೆಲದಿಂದ. ಅಲ್ಲಿನ ಅತಿ ಚಿಕ್ಕ ನೆಲದ ಘಟಕಕ್ಕೆ ಟೌನ್‌ಲ್ಯಾಂಡ್ ಎನ್ನುತ್ತಾರೆ. ಹೆಸರಿನಲ್ಲಿ ಟೌನ್ ಇದ್ದರೂ ಪಟ್ಟಣಕ್ಕೂ ಅದಕ್ಕೂ ಸಂಬಂಧವಿಲ್ಲ. ಕೆಲವು ನೂರು ಎಕರೆ ಹೊಲ, ಹತ್ತಿಪ್ಪತ್ತು ಮನೆ, ಅಷ್ಟೇ. ಇಡೀ ದ್ವೀಪದಲ್ಲಿ ಇಂಥವು ಅರವತ್ತು ಸಾವಿರಕ್ಕೂ ಹೆಚ್ಚು. ನಮ್ಮಲ್ಲಿ ಹೊಸಹಳ್ಳಿ ಎಷ್ಟಿವೆಯೋ ಅಲ್ಲಿ ನಾಕ್‌ರೋ, ಅಂದರೆ ಕೆಂಪು ಗುಡ್ಡ, ಅಷ್ಟಿವೆ. ಅದರ ಮೇಲೆ, ಒಂದಕ್ಕಿಂತ ಒಂದು ದೊಡ್ಡದಾಗಿ, ಸಿವಿಲ್ ಪ್ಯಾರಿಷ್, ಬ್ಯಾರನಿ, ಕೌಂಟಿ ಎಂಬ ವಿಭಾಗಗಳು. ಪಕ್ಕದಲ್ಲಿ ಇನ್ನೊಂದು ಗೊಂದಲ: ಕ್ಯಾಥೊಲಿಕ್ ಪ್ಯಾರಿಷ್‌ನ, ಅಂದರೆ ಒಂದು ಚರ್ಚಿನ ಪಾದ್ರಿಯ ವ್ಯಾಪ್ತಿಗೆ ಸೇರಿದ ಊರುಗಳ, ಗಡಿ ಬೇರೆ, ಹೆಸರೂ ಅನೇಕ ಸಲ ಬೇರೆ. ಜನನ ನೋಂದಣಿಯ ಜಿಲ್ಲೆ ಮತ್ತೂ ಬೇರೆ. ಬಡವರ ಪರಿಹಾರಕ್ಕೆಂದು ಮಾಡಿದ್ದ ಪೂರ್ ಲಾ ಯೂನಿಯನ್‌ಗಳ ಗಡಿಯನ್ನೇ ಅದಕ್ಕೆ ಬಳಸಿಕೊಂಡರು. ಹೋಬಳಿ, ಪೊಲೀಸ್ ಠಾಣೆ, ವಿಧಾನಸಭಾ ಕ್ಷೇತ್ರ ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲವಲ್ಲ, ಹಾಗೆ. ಟೌನ್‌ಲ್ಯಾಂಡ್ ಹೆಸರೊಂದು ಸಿಕ್ಕರೆ ಉಳಿದ ಗಡಿಗಳೆಲ್ಲ ತಾವಾಗಿ ತಿಳಿಯುತ್ತವೆ. ಅದು ಸಿಗದೆ ಉಳಿದದ್ದು ಸಿಕ್ಕರೂ ಪ್ರಯೋಜನ ಕಡಿಮೆ.

ಮತ್ತು ಆ ಹೆಸರು ಇರುವುದು ಐರ್ಲೆಂಡಿನಲ್ಲಲ್ಲ, ನಿಮ್ಮ ಮನೆಯ ಹತ್ತಿರ.

ಅಮೆರಿಕದ ಕಾಗದಗಳಲ್ಲಿ ಹೆಚ್ಚಿನವು ಹುಟ್ಟೂರು ಎಂಬಲ್ಲಿ ‘ಐರ್ಲೆಂಡ್’ ಎಂದಷ್ಟೇ ಬರೆದು ಕೈತೊಳೆದುಕೊಳ್ಳುತ್ತವೆ. ಆದರೂ ಅವಳ ಮರಣ ದಾಖಲೆಯನ್ನು ಮೊದಲು ತರಿಸಿಕೊಳ್ಳಿ. ಮ್ಯಾಸಚೂಸೆಟ್ಸ್ 1841ರಿಂದಲೇ ರಾಜ್ಯಮಟ್ಟದಲ್ಲಿ ಇವನ್ನು ಇಟ್ಟಿದೆ, ಅದರಲ್ಲಿ ತಂದೆತಾಯಿಯ ಹೆಸರು ಕೇಳುತ್ತಾರೆ. ತಾಯಿಯ ತವರು ಕುಲನಾಮ ಗೊತ್ತಾದರೆ ಹುಡುಕಾಟ ಹತ್ತುಪಟ್ಟು ಕಿರಿದಾಗುತ್ತದೆ. ಮದುವೆಯ ಸರ್ಕಾರಿ ದಾಖಲೆಯ ಜೊತೆಗೆ ಚರ್ಚಿನ ದಾಖಲೆಯನ್ನೂ ನೋಡಿ. ಕೆಲವು ಪಾದ್ರಿಗಳು ವಧುವಿನ ಊರಿನ ಪ್ಯಾರಿಷ್ ಯಾವುದೆಂದು ಬರೆದಿಡುತ್ತಿದ್ದರು. ಬಾಸ್ಟನ್ ಧರ್ಮಪ್ರಾಂತ್ಯದ ಹಳೆಯ ಪುಸ್ತಕಗಳು ಈಗ ಅಂತರ್ಜಾಲದಲ್ಲಿವೆ. ಸಮಾಧಿಯ ಕಲ್ಲನ್ನು ನೋಡಿದ್ದೀರಾ? ಐರಿಶ್ ಜನ ‘ಇಂಥ ಪ್ಯಾರಿಷ್‌ನವಳು’ ಎಂದು ಕಲ್ಲಿನ ಮೇಲೆ ಕೆತ್ತಿಸುವುದುಂಟು, ಬದುಕಿದ್ದಾಗ ಯಾವ ಅಧಿಕಾರಿಗೂ ಹೇಳದ ಊರನ್ನು. ಬಾಸ್ಟನ್‌ನ ‘ದಿ ಪೈಲಟ್’ ಪತ್ರಿಕೆ 1831ರಿಂದ 1921ರವರೆಗೆ ಕಳೆದುಹೋದ ಬಂಧುಗಳನ್ನು ಹುಡುಕುವ ಜಾಹೀರಾತುಗಳನ್ನು ಹಾಕುತ್ತಿತ್ತು. ಇಂಥ ಟೌನ್‌ಲ್ಯಾಂಡಿನ ಇಂಥವನು, ಇಂಥ ವರ್ಷ ಹಡಗು ಹತ್ತಿದವನು, ಅಕ್ಕ ಹುಡುಕುತ್ತಿದ್ದಾಳೆ ಎಂಬ ನಾಲ್ಕು ಸಾಲು. ಅವುಗಳ ಪಟ್ಟಿಯನ್ನು ಬಾಸ್ಟನ್ ಕಾಲೇಜು ಹುಡುಕಲು ಬರುವಂತೆ ಮಾಡಿಟ್ಟಿದೆ. ಒಂದು ಸಂಜೆ ಅದನ್ನು ಓದುತ್ತ ಕುಳಿತರೆ ಊಟ ಸೇರುವುದಿಲ್ಲ.

ಆದರೆ ನನ್ನ ಕಣ್ಣು ಬಿದ್ದಿರುವುದು ನಿಮ್ಮ ಪತ್ರದ ಒಂದು ಸಣ್ಣ ಮಾತಿನ ಮೇಲೆ: ‘ಬಹಳ ವರ್ಷಗಳ ಮೇಲೆ ಅವಳ ತಮ್ಮನೂ ಬಂದನಂತೆ.’ 1885ರ ಹಡಗಿನ ಪಟ್ಟಿಯಲ್ಲಿ ಹೆಸರು, ವಯಸ್ಸು, ಉದ್ಯೋಗ, ದೇಶ ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ. 1907ರಿಂದ ಆಚೆಗಿನ ಪಟ್ಟಿ ಬೇರೆಯೇ ಲೋಕ. ಅದರಲ್ಲಿ ಹುಟ್ಟೂರು, ಊರಿನಲ್ಲಿ ಬಿಟ್ಟುಬಂದ ಹತ್ತಿರದ ನೆಂಟನ ಹೆಸರು ಮತ್ತು ವಿಳಾಸ, ಇಲ್ಲಿ ಯಾರ ಮನೆಗೆ ಹೋಗುತ್ತೀಯ, ಟಿಕೆಟ್ ಹಣ ಯಾರು ಕೊಟ್ಟರು, ಎಲ್ಲ ಕೇಳುತ್ತಿದ್ದರು. ಅಕ್ಕ ಮೊದಲು ಬರುವುದು, ದುಡಿದು ತಮ್ಮನಿಗೆ ಟಿಕೆಟ್ ಕಳಿಸುವುದು ಐರಿಶ್ ಮನೆಗಳ ಮಾಮೂಲಿ ಕ್ರಮ. ತಮ್ಮ ಬಂದದ್ದು 1907ರ ಮೇಲಾದರೆ ಆ ಒಂದು ಸಾಲಿನಲ್ಲೇ ಅಪ್ಪನ ಹೆಸರೂ ಟೌನ್‌ಲ್ಯಾಂಡೂ ಬ್ರಿಜೆಟ್‌ಳ ಬಾಸ್ಟನ್ ವಿಳಾಸವೂ ಒಟ್ಟಿಗೆ ಸಿಗಬಹುದು. ಅವನ ಪೌರತ್ವದ ಅರ್ಜಿಯನ್ನೂ ಬಿಡಬೇಡಿ. 1906ರ ನಂತರದ ಅರ್ಜಿಗಳಲ್ಲಿ ಹುಟ್ಟಿದ ದಿನ, ಊರು ಬರೆಯಬೇಕಿತ್ತು. ಬ್ರಿಜೆಟ್‌ಳ ಅರ್ಜಿ ಹುಡುಕುವುದು ವ್ಯರ್ಥ, ಏಕೆಂದರೆ 1922ರವರೆಗೆ ಮದುವೆಯಾದ ಹೆಂಗಸಿಗೆ ಗಂಡನ ಪೌರತ್ವವೇ ಪೌರತ್ವ.

ಒಂದು ಎಚ್ಚರಿಕೆ. ‘ಕ್ವೀನ್ಸ್‌ಟೌನ್’ ಎಂದು ಎಲ್ಲಾದರೂ ಸಿಕ್ಕರೆ ಅದೇ ಹುಟ್ಟೂರು ಎಂದು ಹಿಗ್ಗಬೇಡಿ. ಅದು ಈಗಿನ ಕೋವ್ ಬಂದರು. 1849ರಿಂದ 1920ರವರೆಗೆ ಆ ಹೆಸರಿತ್ತು. ಹಡಗು ಹತ್ತಿದ ಜಾಗವನ್ನೇ ಊರೆಂದು ಬರೆದವರು ಅಸಂಖ್ಯ. ‘ಕಾರ್ಕ್‌ನಿಂದ’ ಎಂಬ ನಿಮ್ಮ ಮನೆಮಾತೂ ಹಾಗೆಯೇ ಹುಟ್ಟಿರಬಹುದು. ಕೆರ‍್ರಿಯವರೂ ಲಿಮರಿಕ್‌ನವರೂ, ಅಂದರೆ ಪಕ್ಕದ ಕೌಂಟಿಗಳವರೂ, ಅಲ್ಲಿಂದಲೇ ಹೊರಟವರು.

ಈಗ ಐರ್ಲೆಂಡಿಗೆ ಬರೋಣ. ಸರ್ಕಾರದ ‘ಐರಿಶ್‌ಜೀನಿಯಾಲಜಿ’ ತಾಣದಲ್ಲಿ 100 ವರ್ಷ ದಾಟಿದ ಜನನ, 75 ದಾಟಿದ ಮದುವೆ, 50 ದಾಟಿದ ಮರಣ ದಾಖಲೆಗಳ ಚಿತ್ರಗಳು ಉಚಿತವಾಗಿ ಸಿಗುತ್ತವೆ. ಸೂಚಿಯನ್ನು ನೋಡಿ ನಿಲ್ಲಿಸಬೇಡಿ, ಚಿತ್ರವನ್ನೇ ತೆರೆಯಿರಿ. ಒಂದು ಪುಟದಲ್ಲಿ ಹತ್ತು ಜನನಗಳು. ಹುಟ್ಟಿದ ದಿನ, ಟೌನ್‌ಲ್ಯಾಂಡ್, ಅಪ್ಪನ ಹೆಸರು, ಅಮ್ಮನ ಹೆಸರು ತವರು ಕುಲನಾಮದೊಂದಿಗೆ, ಅಪ್ಪನ ಕಸುಬು, ಕೊನೆಗೆ ಸುದ್ದಿ ತಿಳಿಸಿದವರ ಸಹಿ. ಸಹಿಯ ಜಾಗದಲ್ಲಿ ಅನೇಕ ಸಲ ಒಂದು ಗುಣಾಕಾರದ ಗುರುತು, ಪಕ್ಕದಲ್ಲಿ ‘ಅವಳ ಗುರುತು’ ಎಂಬ ಬರಹ. ಅಜ್ಜಿಯೋ ಹೆರಿಗೆಗೆ ನಿಂತ ನೆರೆಯವಳೋ ಮೈಲುಗಟ್ಟಲೆ ನಡೆದುಬಂದು ನೋಂದಣಿದಾರನ ಮುಂದೆ, ಸಾಮಾನ್ಯವಾಗಿ ಊರಿನ ಔಷಧಾಲಯದ ವೈದ್ಯನೇ ಆ ನೋಂದಣಿದಾರ, ಲೇಖನಿ ಹಿಡಿದು ಹಾಕಿದ ಗುರುತು ಅದು.

ಹುಟ್ಟಿದ ದಿನವನ್ನು ಮಾತ್ರ ಪೂರ್ತಿ ನಂಬಬೇಡಿ. ನಮ್ಮಲ್ಲಿ ಒಂದು ತಲೆಮಾರಿನ ಅರ್ಧ ಜನ ಜೂನ್ 1ರಂದೇ ಹುಟ್ಟಿಲ್ಲವೇ? ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದೇ ಜನ್ಮದಿನ. ಅಲ್ಲಿಯದು ಇನ್ನೊಂದು ಬಗೆಯ ಜಾಣತನ. ತಡವಾಗಿ ನೋಂದಾಯಿಸಿದರೆ ದಂಡ ಬೀಳುತ್ತಿತ್ತು, ಹಾಗಾಗಿ ಹುಟ್ಟಿದ ದಿನವನ್ನೇ ಈಚೆಗೆ ತಳ್ಳಿ ಹೇಳುತ್ತಿದ್ದರು. ಸರ್ಕಾರದ ಪುಸ್ತಕ ನಂಬಿದರೆ, ಮಗು ಹುಟ್ಟುವ ಮೂರು ವಾರ ಮೊದಲೇ ಚರ್ಚಿನಲ್ಲಿ ಅದಕ್ಕೆ ಜ್ಞಾನಸ್ನಾನವಾಗಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ! ಇಂಥ ಕಡೆ ಪಾದ್ರಿಯ ಪುಸ್ತಕವನ್ನು ನಂಬಿ, ಅವನಿಗೆ ಸುಳ್ಳು ಹೇಳಿ ಸಿಗುವ ಲಾಭವಿರಲಿಲ್ಲ. ಮೊದಲ ವರ್ಷಗಳಲ್ಲಿ ನೋಂದಣಿಯೇ ಆಗದ ಮಕ್ಕಳೂ ಸಾಕಷ್ಟು. ಬ್ರಿಜೆಟ್ ಸಿಗದಿದ್ದರೆ ಅವಳ ತಮ್ಮಂದಿರು, ತಂಗಿಯರು ಸಿಗುತ್ತಾರೆಯೇ ನೋಡಿ. ಹೊಲ ಇದ್ದವರಾದರೆ ಮನೆ ಅದೇ ಇರುತ್ತದೆ.

ಕ್ಯಾಥೊಲಿಕ್ ಪ್ಯಾರಿಷ್ ಪುಸ್ತಕಗಳು ಹುಡುಕಾಟದ ರಸಭರಿತ ಭಾಗ. ಡಬ್ಲಿನ್‌ನ ರಾಷ್ಟ್ರೀಯ ಗ್ರಂಥಾಲಯ ಇವನ್ನು ಮೈಕ್ರೋಫಿಲ್ಮ್ ಮಾಡಿಟ್ಟಿತ್ತು. 2015ರ ಜುಲೈಯಿಂದ ಸಾವಿರಕ್ಕೂ ಹೆಚ್ಚು ಪ್ಯಾರಿಷ್‌ಗಳ ಪುಟಗಳು, ಸುಮಾರು 1880ರವರೆಗಿನವು, ಎಲ್ಲರಿಗೂ ಉಚಿತ. ಪೂರ್ವದ ಪಟ್ಟಣಗಳಲ್ಲಿ 18ನೇ ಶತಮಾನದ ಪುಸ್ತಕಗಳೂ ಉಂಟು. ಪಶ್ಚಿಮದ ಬಡ ಪ್ಯಾರಿಷ್‌ಗಳಲ್ಲಿ 1820, 30ರ ದಶಕಕ್ಕಿಂತ ಹಿಂದಿನದು ಸಿಕ್ಕರೆ ಹಬ್ಬ. ತೇವ ಹಿಡಿದು ಮಸುಕಾದ ಶಾಯಿ, ಅವಸರದ ಕೈಬರಹ, ಅದೂ ಎಷ್ಟೋ ಕಡೆ ಲ್ಯಾಟಿನ್‌ನಲ್ಲಿ. ಒಂದು ಸಾಲು ಹೀಗಿರುತ್ತದೆ ಎಂದುಕೊಳ್ಳಿ: ತಾರೀಕು, ‘ಬ್ರಿಗಿದಾಂ’, ‘ಡಿಯೊನೀಸಿ’, ‘ಎತ್ ಹೊನೊರೆ’, ಆಮೇಲೆ ಚಿಕ್ಕದಾಗಿ ‘ಎಸ್‌ಪಿ’ ಎಂದು ಬರೆದು ಎರಡು ಹೆಸರು. ಬಿಡಿಸಿದರೆ: ಡೆನಿಸ್ ಮತ್ತು ಹೊನೋರಾರ ಮಗಳು ಬ್ರಿಜೆಟ್, ಜ್ಞಾನಸ್ನಾನಕ್ಕೆ ಸಾಕ್ಷಿಯಾಗಿ ನಿಂತ ಧರ್ಮಪಿತ ಮತ್ತು ಧರ್ಮಮಾತೆ ಇಂಥವರು.

ಮನೆಯಲ್ಲಿ ಯಾರೂ ಡಿಯೊನೀಸಿಯಸ್ ಎಂದು ಕೂಗುತ್ತಿರಲಿಲ್ಲ. ಪುರೋಹಿತರು ಸಂಕಲ್ಪದಲ್ಲಿ ಹೇಳುವ ಹೆಸರಿಗೂ ಅಂಗಳದಲ್ಲಿ ಕರೆಯುವ ಹೆಸರಿಗೂ ಇರುವ ದೂರವೇ ಇಲ್ಲೂ. ಜಾಕೋಬಸ್ ಎಂದರೆ ಜೇಮ್ಸ್, ಗುಲಿಯೆಲ್ಮಸ್ ಎಂದರೆ ವಿಲಿಯಂ. ಥಡೇಯಸ್ ಒಂದು ಕಾಗದದಲ್ಲಿ ತಿಮೊತಿ, ಇನ್ನೊಂದರಲ್ಲಿ ಥೇಡಿ. ಜೆರಮಾಯಾನೇ ಡಾರ್ಬಿ. ಹೊನೋರಾ ನೋರಾಳೂ ಆಗುತ್ತಾಳೆ, ಹನೋರಾಳೂ ಆಗುತ್ತಾಳೆ. ಇನ್ನು ಬ್ರಿಜೆಟ್‌ಗಳು ಅಮೆರಿಕಕ್ಕೆ ಬಂದ ಮೇಲೆ, ‘ಕೆಲಸದವಳ ಹೆಸರು’ ಬೇಡವೆಂದೋ ಏನೋ, ಡೀಲಿಯಾ ಆಗಿಬಿಡುತ್ತಿದ್ದರು. 1900ರ ಅಮೆರಿಕದ ಜನಗಣತಿಯಲ್ಲಿ ಬ್ರಿಜೆಟ್ ಕಾಣದಿದ್ದರೆ ಡೀಲಿಯಾ ಎಂದು ಹುಡುಕಿ ನೋಡಿ. ಕುಲನಾಮದ ಮುಂದಿನ ‘ಓ’ ಮತ್ತು ‘ಮ್ಯಾಕ್’ ಬಂದುಹೋಗುವ ನೆಂಟರು. ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಆ ‘ಎಸ್‌ಪಿ’ ಪಕ್ಕದ ಎರಡು ಹೆಸರನ್ನು ಅಸಡ್ಡೆ ಮಾಡಬೇಡಿ. ಅವರು ಸಾಮಾನ್ಯವಾಗಿ ಸೋದರಮಾವ, ಚಿಕ್ಕಮ್ಮ, ಪಕ್ಕದ ಹೊಲದವರು. ಒಂದೇ ಪ್ಯಾರಿಷ್‌ನಲ್ಲಿ ಇಬ್ಬರು ಡೆನಿಸ್, ಇಬ್ಬರ ಹೆಂಡಿರೂ ಹೊನೋರಾ ಆದಾಗ ಯಾವ ಮಗು ಯಾವ ಮನೆಯದೆಂದು ಹೇಳುವವರು ಅವರೇ. ಐರಿಶ್ ಹೆಂಗಸರ ತವರು ಕುಲನಾಮ ಮದುವೆಯಾದ ಮೇಲೂ ಚರ್ಚಿನ ಪುಸ್ತಕದಲ್ಲಿ ಅಳಿಯುವುದಿಲ್ಲ ಎಂಬುದು ನಮ್ಮ ಅದೃಷ್ಟ. ಹೆಸರಿಡುವ ಪದ್ಧತಿಯೂ ನಿಮಗೆ ಪರಿಚಿತವೇ: ಹಿರಿಯ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನದು, ಹಿರಿಯ ಮಗಳಿಗೆ ಅಮ್ಮನ ಅಮ್ಮನದು, ಎರಡನೆಯವಳಿಗೆ ಅಪ್ಪನ ಅಮ್ಮನದು. ಎಲ್ಲರೂ ಪಾಲಿಸಲಿಲ್ಲ, ಆದರೆ ಬ್ರಿಜೆಟ್‌ಳ ಮಕ್ಕಳ ಹೆಸರನ್ನು ಹುಟ್ಟಿದ ಕ್ರಮದಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ. ಅವಳ ಎರಡನೆಯ ಮಗ ಡೆನಿಸ್ ಆಗಿದ್ದರೆ ಡೆನಿಸ್ ಎಂಬ ಅಪ್ಪನ ಮನೆಯ ಬಾಗಿಲನ್ನು ಮೊದಲು ತಟ್ಟಿ.

ಐರ್ಲೆಂಡಿನ 1901 ಮತ್ತು 1911ರ ಜನಗಣತಿಗಳು ಪೂರ್ತಿ ಉಳಿದಿವೆ, ಉಚಿತವಾಗಿವೆ. ಬ್ರಿಜೆಟ್ ಆಗ ಅಮೆರಿಕದಲ್ಲಿದ್ದಳು, ಆದರೆ ಅವಳ ಅಪ್ಪ ಅಮ್ಮ ಊರಿನಲ್ಲೇ ಇದ್ದಿರಬಹುದು. 1911ರಲ್ಲಿ ಮದುವೆಯಾದ ಹೆಂಗಸರಿಗೆ ಎಷ್ಟು ಮಕ್ಕಳು ಹುಟ್ಟಿದವು, ಎಷ್ಟು ಬದುಕಿವೆ ಎಂದು ಕೇಳಿದ್ದರು. ಹತ್ತು ವರ್ಷದಲ್ಲಿ ಹದಿನೈದು ವರ್ಷ ಮುದುಕರಾದವರನ್ನು ಕಂಡರೆ ನಗಬೇಡಿ. 1909ರಿಂದ 70 ದಾಟಿದವರಿಗೆ ಪಿಂಚಣಿ ಬರತೊಡಗಿತ್ತು. ಇನ್ನೊಂದು ತಮಾಷೆಯೆಂದರೆ, ವಯಸ್ಸಿಗೆ ಪುರಾವೆ ಬೇಕೆಂದು ಆ ಮುದುಕರು 1841, 1851ರ ಜನಗಣತಿಯಲ್ಲಿ ತಮ್ಮ ಮನೆಯನ್ನು ಹುಡುಕಿಸಿದರು. ಗುಮಾಸ್ತರು ನೋಡಿ ಬರೆದುಕೊಟ್ಟ ಆ ಅರ್ಜಿ ಹಾಳೆಗಳು ಉಳಿದಿವೆ. ಮೂಲ ಪುಸ್ತಕ ಆಮೇಲೆ ಸುಟ್ಟಿತು, ಪಿಂಚಣಿಯ ಆಸೆಯಿಂದ ತೆಗೆದ ನಕಲು ಬದುಕಿತು.

ಜಮೀನಿನ ಕಡೆಯಿಂದ ಬಂದರೆ ರಿಚರ್ಡ್ ಗ್ರಿಫಿತ್ ಎಂಬಾತನ ಮೇಲ್ವಿಚಾರಣೆಯಲ್ಲಿ 1847ರಿಂದ 1864ರವರೆಗೆ ಪ್ರಕಟವಾದ ಭೂ ಮೌಲ್ಯಮಾಪನ ಇದೆ: ಟೌನ್‌ಲ್ಯಾಂಡ್‌ವಾರು ಯಾರ ಹೆಸರಿನಲ್ಲಿ ಎಷ್ಟು ನೆಲ, ಮನೆ, ಯಾರಿಗೆ ಗೇಣಿ. ನಮ್ಮ ಪಹಣಿಯ ದೂರದ ಬಂಧು. ಒಂದೇ ಹೆಸರಿನವರು ಇಬ್ಬರಿದ್ದರೆ ಆವರಣ ಚಿಹ್ನೆಯೊಳಗೆ ‘ಕೆಂಪ’ ಎಂದೋ ‘ಉದ್ದ’ ಎಂದೋ, ಇಲ್ಲವೇ ಅಪ್ಪನ ಹೆಸರೋ ಸೇರಿಸಿರುತ್ತಾರೆ. ಅದು ಬಹುಪಾಲು ಸತ್ತ ಕಾಗದ. ಜೀವವಿರುವುದು ಆಮೇಲಿನ ಪರಿಷ್ಕರಣೆ ಪುಸ್ತಕಗಳಲ್ಲಿ. ಹೊಲದ ಒಡೆತನ ಬದಲಾದಾಗಲೆಲ್ಲ ಹಳೆಯ ಹೆಸರಿಗೆ ಗೆರೆ ಎಳೆದು, ಬೇರೆ ಬಣ್ಣದ ಶಾಯಿಯಲ್ಲಿ ಹೊಸ ಹೆಸರು ಬರೆದು ವರ್ಷ ಹಾಕುತ್ತಿದ್ದರು. ಅಪ್ಪನ ಹೆಸರು ಹೋಗಿ ಅಮ್ಮನ ಹೆಸರು ಬಂದ ವರ್ಷದ ಹಿಂದೆಮುಂದೆ ಒಂದು ಸಾವು ಇರುತ್ತದೆ. ಪೌತಿ ಖಾತೆ ಮಾಡಿಸಲು ಅಲೆದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ರಾಜನವರೆಗೆ ಹೋದ ವಂಶವೃಕ್ಷವನ್ನು ಮಗಳ ಕಣ್ಣಿಗೆ ಬೀಳದಂತೆ ಅಳಿಸಿಬಿಡಿ. ಹೊಲ ಗೇಣಿಗೆ ಮಾಡಿದ ಕ್ಯಾಥೊಲಿಕ್ ಮನೆಗಳ ಬಹುಪಾಲು ದಾಖಲೆ 1800ರ ಆಚೀಚೆ ನಿಲ್ಲುತ್ತದೆ. ಅದರಾಚೆ ನೂರಾರು ವರ್ಷದ ಕಂದಕ ಹಾರಿದವರು ಹಾರಿದ್ದು ಕಲ್ಪನೆಯ ಬಲದಿಂದ. ಅಂಗಡಿಯಲ್ಲಿ ಸಿಗುವ ‘ನಿಮ್ಮ ಮನೆತನದ ಲಾಂಛನ’ದ ಲೋಟವೂ ಅಷ್ಟೇ. ಲಾಂಛನ ಕೊಡುವುದು ವ್ಯಕ್ತಿಗೆ, ಕುಲನಾಮಕ್ಕಲ್ಲ.

ಹೆಸರು ಹೊಂದಿದ ಮಾತ್ರಕ್ಕೆ ಅವಳೇ ಎಂದು ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಆನಿ ಮೂರ್ ಸಾಕ್ಷಿ. 1892ರ ಜನವರಿ 1ರಂದು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ವಲಸೆ ಕೇಂದ್ರ ತೆರೆದಾಗ ಮೊದಲು ಒಳಬಂದವಳು ಕಾರ್ಕ್‌ನ ಈ ಹುಡುಗಿ, ಇಬ್ಬರು ತಮ್ಮಂದಿರ ಜೊತೆ. ಅವಳು ಟೆಕ್ಸಸ್‌ಗೆ ಹೋಗಿ ಬದುಕಿದಳೆಂದು ದಶಕಗಳ ಕಾಲ ಎಲ್ಲರೂ ನಂಬಿದರು, ಆ ಟೆಕ್ಸಸ್ ಮನೆತನದವರನ್ನು ಸಮಾರಂಭಗಳಿಗೂ ಕರೆದರು. ಮೇಗನ್ ಸ್ಮೊಲೆನ್ಯಾಕ್ ಎಂಬ ವಂಶಾವಳಿ ತಜ್ಞೆ ಜನಗಣತಿ ತೆರೆದು ನೋಡಿದರೆ ಟೆಕ್ಸಸ್‌ನ ಆನಿ ಹುಟ್ಟಿದ್ದು ಅಮೆರಿಕದ ಇಲಿನಾಯ್‌ನಲ್ಲೇ! ನಿಜವಾದ ಆನಿ ನ್ಯೂಯಾರ್ಕ್ ಬಿಟ್ಟು ಕದಲಿರಲಿಲ್ಲ. ಮ್ಯಾನ್‌ಹಟನ್‌ನ ಬಡವರ ಕೇರಿಯಲ್ಲಿ ಸಂಸಾರ ಮಾಡಿ, 1924ರಲ್ಲಿ ತೀರಿಕೊಂಡು, ಕ್ವೀನ್ಸ್‌ನ ಕ್ಯಾಲ್ವರಿ ಸ್ಮಶಾನದಲ್ಲಿ ಮಣ್ಣಾಗಿದ್ದಳು. ಇದು ಹೊರಬಿದ್ದದ್ದು 2006ರಲ್ಲಿ. ನಾನೂ ಒಮ್ಮೆ ತಪ್ಪು ಪ್ಯಾಟ್ರಿಕ್‌ನ ಹಿಂದೆ ಏಳು ತಿಂಗಳು ಸುತ್ತಿದ್ದೇನೆ. ಅವನು ಎರಡು ವರ್ಷದ ಮಗುವಾಗಿದ್ದಾಗಲೇ ಸತ್ತಿದ್ದ, ನಾನು ಮರಣದ ಪುಸ್ತಕ ನೋಡಿರಲಿಲ್ಲ. ನಿಮ್ಮ ಬ್ರಿಜೆಟ್ ಎಂದು ತೋರುವವಳು ಸಿಕ್ಕ ಕೂಡಲೇ ಅವಳು ಊರಿನಲ್ಲೇ ಸತ್ತಳೇ, ಊರಿನಲ್ಲೇ ಮದುವೆಯಾದಳೇ ಎಂದು ನೋಡಿ. ಎರಡೂ ಇಲ್ಲವೆಂದಾದ ಮೇಲೆ ಹೆಸರನ್ನು ಮರಕ್ಕೆ ಸೇರಿಸಿ, ಅದೂ ಪೆನ್ಸಿಲಿನಲ್ಲಿ.

ಇದೇ ವಿಷಯ ಬೆಂಗಳೂರಿನಿಂದಲೂ ಕೆಲವರು ಕೇಳುತ್ತಾರೆ, ದಂಡು ಪ್ರದೇಶಕ್ಕೆ ಬಂದ ಐರಿಶ್ ಸಿಪಾಯಿಗಳ ಸಂತತಿಯವರು. ಅವರ ದಾರಿ ಬೇರೆ: ಬೆಂಗಳೂರಿನ ಜ್ಞಾನಸ್ನಾನ, ಮದುವೆ, ಸಮಾಧಿಯ ವಿವರಗಳು ಮದ್ರಾಸಿನ ಲೆಕ್ಕದಲ್ಲಿ ಸೇರಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ, ಸೈನ್ಯದಿಂದ ಬಿಡುಗಡೆಯಾದ ಕಾಗದದಲ್ಲಿ ಹುಟ್ಟಿದ ಪ್ಯಾರಿಷ್ ಬರೆದಿರುವುದುಂಟು. ನಿಮ್ಮ ಯಜಮಾನರು ಐರಿಶ್ ಪಾಸ್‌ಪೋರ್ಟಿನ ಆಸೆ ಇಟ್ಟುಕೊಂಡಿದ್ದರೆ, ಮುತ್ತಜ್ಜಿಯ ಆಧಾರವೊಂದರ ಮೇಲೆ ಅದು ಸಿಗದು. ಅಜ್ಜ ಅಥವಾ ಅಜ್ಜಿ ಅಲ್ಲಿ ಹುಟ್ಟಿರಬೇಕು, ಇಲ್ಲವೇ ಇವರು ಹುಟ್ಟುವ ಮೊದಲೇ ಇವರ ತಂದೆಯೋ ತಾಯಿಯೋ ಐರಿಶ್ ಪೌರರಾಗಿ ನೋಂದಣಿಯಾಗಿರಬೇಕು.

ತಮ್ಮನ ಹಡಗಿನ ಪಟ್ಟಿ ಸಿಕ್ಕರೆ ನನಗೆ ಬರೆಯಿರಿ. ಊರಿನ ಹೆಸರನ್ನು ಅಲ್ಲಿ ಹೇಗಿದೆಯೋ ಹಾಗೆಯೇ ಅಕ್ಷರಕ್ಕಕ್ಷರ ನಕಲು ಮಾಡಿ, ಎಷ್ಟೇ ವಿಚಿತ್ರವಾಗಿ ಕಂಡರೂ ತಿದ್ದಬೇಡಿ. ಐರಿಶ್ ಬಾಯಿಯ ಉಚ್ಚಾರಣೆಯನ್ನು ಕಿವಿಗೆ ಬಿದ್ದಂತೆ ಗೀಚಿದ ಗುಮಾಸ್ತನ ತಪ್ಪಿನಿಂದ ನಿಜವಾದ ಹೆಸರನ್ನು ಹೊರತೆಗೆಯಬಹುದು. ನಕ್ಷೆ ನೋಡಿ ನೀವು ತಿದ್ದಿದ ಹೆಸರಿನಿಂದ ಆಗುವುದಿಲ್ಲ.